ಎಲ್ಲೆಕಲ್ಲಿನ ಹನ್ನೊಂದು ಹೆಸರು

ಎಲ್ಲೆಕಟ್ಟೆ
೧೪ ಅಕ್ಟೋಬರ್ ೨೦೨೪

ಚೈತ್ರ ಮೇಡಂ ಅವರಿಗೆ,

ಕೆಳಗಿನ ಬೀದಿಯ ನಿಂಗರಾಜು ಮಾಡುವ ನಮಸ್ಕಾರಗಳು. ಮೊನ್ನೆ ಏಪ್ರಿಲ್‌ವರೆಗೂ ನಮ್ಮೂರ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದವನು. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಬೀದರ್ ಜಿಲ್ಲೆಯ ಆ ತುದಿಯಲ್ಲಿ ಸಿಗ್ನಲ್ ಇರುವುದಿಲ್ಲವೇನೋ ಎಂದುಕೊಂಡು ಕಾಗದ ಬರೆಯುತ್ತಿದ್ದೇನೆ. ಮೂವತ್ತಾರು ವರ್ಷ ಬೇರೆಯವರ ಕಾಗದ ಹಂಚಿದವನಿಗೆ ಇದೇ ವಾಸಿ. ಫೋನಿನಲ್ಲಿ ಆಡಿದ್ದನ್ನು ನಾಳೆ ಆಡೇ ಇಲ್ಲ ಅನ್ನಬಹುದು.

ನಮ್ಮೂರಿನಲ್ಲಿ ಈಗ ಚರಿತ್ರೆಯ ಹುಚ್ಚು ಹತ್ತಿದೆ. ಅರ್ಧ ಊರು ನಂಜನಗೂಡು ತಾಲ್ಲೂಕಿಗೆ, ಅರ್ಧ ಊರು ತಿ. ನರಸೀಪುರ ತಾಲ್ಲೂಕಿಗೆ ಸೇರಿ, ಯಾರಿಗೂ ಬೇಡವಾಗಿದ್ದ ಊರು ಇದು. ಈಗ ಅದೇ ಹೆಮ್ಮೆಯಂತೆ. ‘ಗಡಿಯೂರಿನ ನೆನಪಿನ ಹಬ್ಬ’ ಅಂತ ಬ್ಯಾನರ್ ಕಟ್ಟಿದ್ದಾರೆ. ನವೆಂಬರಿನಲ್ಲಿ ಮೂರು ಭಾನುವಾರ ಕಾರ್ಯಕ್ರಮ: ಹಿರಿಯರ ಮಾತು, ನೆನಪಿನ ನಡಿಗೆ, ಕೊನೆಗೆ ಮಂತ್ರಿಗಳ ಸಮ್ಮುಖದಲ್ಲಿ ವೇದಿಕೆ. ಅಧ್ಯಕ್ಷರು ನಿಮ್ಮ ಚಿಕ್ಕಪ್ಪ ಮಲ್ಲಿಕಾರ್ಜುನ್. ಕೆಳಗಿನ ಬೀದಿಯವನೊಬ್ಬ ಇರಲಿ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಬರೆಯುವ ಕೆಲಸವೆಲ್ಲ ನನ್ನದು, ಕುರ್ಚಿ ಮಾತ್ರ ಹಿಂದಿನ ಸಾಲಿನದು.

ವಿಷಯಕ್ಕೆ ಬರುತ್ತೇನೆ. ಹಬ್ಬಕ್ಕೊಂದು ಪುಸ್ತಕ ಬರುತ್ತಿದೆ. ಅದರಲ್ಲಿ ೧೯೭೬ರ ಹರಿಗೋಲಿನ ದುರಂತವೂ ಇದೆ. ಅವತ್ತು ಕಬಿನಿ ತುಂಬಿ ಹರಿಯುತ್ತಿತ್ತು. ಆಚೆ ದಡದ ನಿಮ್ಮ ತಾತನ ಗದ್ದೆಯಲ್ಲಿ ನಾಟಿ ನಿಂತಿತ್ತು. ಹರಿಗೋಲಿನ ತಿಮ್ಮಯ್ಯ ಆಗೋದಿಲ್ಲ ಅಂದ. ಕಟ್ಟೆಯ ಮೇಲೆ ಕೂತಿದ್ದ ನಿಮ್ಮ ತಾತ ದೊಡ್ಡಸಿದ್ದಯ್ಯನವರು, ಇವತ್ತು ದಾಟದಿದ್ದರೆ ನಾಳೆಯಿಂದ ಯಾರ ಗದ್ದೆಗೂ ಬರಬೇಡಿ ಅಂದರು. ನಮ್ಮ ಬೀದಿಯ ಹನ್ನೊಂದು ಹೆಣ್ಣಾಳುಗಳು ಹತ್ತಿದರು, ಹನ್ನೊಂದು ಮಂದಿಯೂ ಹೆಣವಾಗಿ ಬಂದರು. ಇದು ಕೆಳಗಿನ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಮೇಲಿನ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಏಕೆಂದರೆ ಅದು ಇರುವುದು ನಮ್ಮ ಬೀದಿಯ ಮಂಚಮ್ಮನ ಅಳುವಿನಲ್ಲಿ. ನಮ್ಮಲ್ಲಿ ಯಾರ ಮನೆಯಲ್ಲಿ ಸಾವಾದರೂ, ಸತ್ತವರನ್ನು ಹಾಡಿಕೊಂಡು ಅತ್ತ ಮೇಲೆ ಆ ಹನ್ನೊಂದು ಜನರ ಹೆಸರು ಕರೆದು ಅಳುತ್ತಾಳೆ. ನಿಮ್ಮವರು ಆ ಹೊತ್ತಿಗೆ ಬೀದಿಯ ತುದಿಯಲ್ಲೇ ನಿಂತು ಕೈಮುಗಿದು ಹೋಗಿರುತ್ತಾರೆ.

ನೀವೊಬ್ಬರು ಒಳಗೆ ಬಂದಿರಿ. ಹನ್ನೆರಡು ವರ್ಷದ ಹಿಂದೆ, ಎಂ.ಎ. ಪ್ರಬಂಧಕ್ಕೆಂದು, ನಮ್ಮಪ್ಪನ ಹೆಣದ ಮುಂದೆ ಕೂತು ಮಂಚಮ್ಮನ ಹಾಡನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡಿರಿ. ಅದನ್ನು ಕಳಿಸಿಕೊಡಿ. ಹೆಣವಿಲ್ಲದೆ ಮಂಚಮ್ಮ ಬಾಯಿ ಬಿಡುವುದಿಲ್ಲ, ಅದು ನಿಮಗೂ ಗೊತ್ತು. ಎಂಬತ್ತು ದಾಟಿದ್ದಾಳೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಹಾಡು ಸಮಿತಿಯವರ ಕಿವಿಗೆ ಬೀಳಬೇಕು.

ಇಂತಿ,
ನಿಂಗರಾಜು


ಔರಾದ್
೨೪ ಅಕ್ಟೋಬರ್ ೨೦೨೪

ಮಾನ್ಯ ನಿಂಗರಾಜು ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಇಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ ಆರು ವರ್ಷವಾಯಿತು. ಇದೂ ಗಡಿಯೇ. ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುತ್ತಾರೆ. ಪರೀಕ್ಷೆಗಳ ಗಡಿಬಿಡಿಯಲ್ಲಿ ಫೋನ್ ನೋಡಲಾಗಲಿಲ್ಲ.

ಆ ರೆಕಾರ್ಡಿಂಗ್ ಹಳೆಯ ಮೊಬೈಲಿನಲ್ಲಿತ್ತು. ಎರಡು ಸಲ ಮನೆ ಬದಲಿಸಿದ್ದೇನೆ. ಹುಡುಕಿ ನೋಡುತ್ತೇನೆ, ಸಿಗುತ್ತದೆಂಬ ಭರವಸೆ ಕೊಡಲಾರೆ.

ಒಂದು ವಿನಂತಿ. ದಯವಿಟ್ಟು ಮಂಚಮ್ಮನನ್ನು ವೇದಿಕೆಗೆ ಹತ್ತಿಸಬೇಡಿ. ಅದು ಪ್ರದರ್ಶನದ ಹಾಡಲ್ಲ. ಇನ್ನೊಂದು, ತಾತನಿಗೆ ಈಗ ತೊಂಬತ್ತೊಂದು. ಮಗ್ಗುಲು ಬದಲಿಸಲೂ ಆಗುತ್ತಿಲ್ಲ ಎಂದು ಅಮ್ಮ ಹೇಳಿದರು. ಇಷ್ಟು ವರ್ಷದ ಮೇಲೆ ಇದನ್ನೆಲ್ಲ ತೆಗೆಯುವುದರಿಂದ ಯಾರಿಗೆ ಏನು ಸಿಗುತ್ತದೆ ಎಂಬುದನ್ನೂ ಯೋಚಿಸಬೇಕು.

ವಂದನೆಗಳೊಂದಿಗೆ,
ಚೈತ್ರ


ಎಲ್ಲೆಕಟ್ಟೆ
೪ ನವೆಂಬರ್ ೨೦೨೪

ಚೈತ್ರ ಮೇಡಂ,

ಯಾರಿಗೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಿನ್ನೆ ಮೊದಲನೆಯ ಕಾರ್ಯಕ್ರಮ ಆಯಿತು. ಯಾರಿಗೆ ಏನು ಸಿಕ್ಕಿತು ಅಂತ ಹೇಳುತ್ತೇನೆ.

ಸಮುದಾಯ ಭವನದಲ್ಲಿ ‘ಹಿರಿಯರ ಮಾತು’. ಕಾರ್ಯಕ್ರಮ ನಡೆಸಿಕೊಡಲು ಮೈಸೂರಿನಿಂದ ಅಮೃತೇಶ್ ಎಂಬುವರನ್ನು ಕರೆಸಿದ್ದಾರೆ. ಹೂವಿನ ಅಂಗಿ, ಮಾತು ಮಾತಿಗೆ ಎದೆಯ ಮೇಲೆ ಕೈ. ನಮ್ಮ ಮುದುಕರೆಲ್ಲ ಏನು ನೆನಪಿದೆಯೋ ಅದನ್ನು ಬಿಟ್ಟು ಏನು ಹೇಳಿದರೆ ಚಪ್ಪಾಳೆ ಬೀಳುತ್ತದೋ ಅದನ್ನು ಹೇಳಿದರು. ಒಬ್ಬರು ತಮ್ಮಜ್ಜ ಹುಲಿ ಹಿಡಿದರು ಅಂದರು. ಅವರಜ್ಜ ಕೋಳಿ ಕದ್ದು ಸಿಕ್ಕಿಬಿದ್ದವರು.

ಆಮೇಲೆ ನಿಮ್ಮ ಚಿಕ್ಕಪ್ಪ ಎದ್ದು ಹರಿಗೋಲಿನ ಕತೆ ಹೇಳಿದರು. “ನಮ್ಮ ತಂದೆಯವರು ಪ್ರವಾಹಕ್ಕೆ ಹಾರಿ ಮೂವರು ಹೆಣ್ಣುಮಕ್ಕಳನ್ನು ಎಳೆದು ತಂದರು. ಕುಡಿದಿದ್ದ ಅಂಬಿಗನಿಂದ ಉಳಿದವರು ಹೋದರು” ಅಂದರು. ಸಭೆ ಎದ್ದು ನಿಂತಿತು. ನಾನು ಎದ್ದು ಹೊರಗೆ ಹೋದೆ. ಯಾವ ಮೂವರು? ಅವರ ಹೆಸರೇನು? ಎಲ್ಲಿದ್ದಾರೆ? ತಿಮ್ಮಯ್ಯ ಜೀವಮಾನದಲ್ಲಿ ಕುಡಿದವನಲ್ಲ. ಈಜಿ ಬದುಕಿ ಬಂದವನು ಈ ಅಪವಾದಕ್ಕೆ ಹೆದರಿ ಹುಲ್ಲಹಳ್ಳಿ ಕಡೆಗೆ ಓಡಿಹೋಗಿ ಅಲ್ಲೇ ಸತ್ತ.

ಇಷ್ಟಕ್ಕೇ ನಿಲ್ಲಲಿಲ್ಲ. ಹೊಳೆದಡದಲ್ಲಿ ಒಂದು ಬೋರ್ಡು ನೆಡುತ್ತಾರಂತೆ. ನಿಮ್ಮ ತಾತನ ಹೆಸರು ಇಷ್ಟು ದಪ್ಪ, ಕೆಳಗೆ ‘ಹನ್ನೊಂದು ಮಂದಿ ಕೂಲಿ ಹೆಣ್ಣಾಳುಗಳು’. ಹೆಸರಿಗೆ ಜಾಗ ಸಾಲದಂತೆ.

ಅಮೃತೇಶ್ ಅವರಿಗೆ ಯಾರೋ ಮಂಚಮ್ಮನ ವಿಷಯ ಊದಿದ್ದಾರೆ. ಕೊನೆಯ ದಿನ ಆಕೆ ವೇದಿಕೆಯ ಮೇಲೆ ಅಳಬೇಕಂತೆ. ಹೆಣವಿಲ್ಲದೆ ಅಳುವುದಿಲ್ಲ ಅಂದೆ. ಹಾಗಾದರೆ ಒಂದು ಹೆಣ ಮಾಡೋಣ ಸಾರ್, ಯಾರಾದರೂ ಬಿಳಿ ಬಟ್ಟೆ ಹೊದ್ದು ಮಲಗಲಿ, ಹಾರ ಹಾಕೋಣ, ಎಮೋಷನ್ ಬರುತ್ತೆ ಅಂದರು. ಎಲ್ಲರೂ ತಲೆದೂಗಿದರು. ಗೊಬ್ಬರದಂಗಡಿಯ ನಂಜೇಶ್ ತಾನೇ ಮಲಗುತ್ತೇನೆ ಅಂತ ಕೈ ಎತ್ತಿದ. ಆಕೆ ಏನು ಹಾಡುತ್ತಾಳೆ ಅಂತ ಇವರಲ್ಲಿ ಒಬ್ಬರೂ ಕೇಳಲಿಲ್ಲ ಮೇಡಂ. ಅಳು ಅಂದರೆ ಅಳು, ಅದರೊಳಗೆ ಮಾತಿರುತ್ತದೆ ಅನ್ನುವುದೇ ಇವರಿಗೆ ಗೊತ್ತಿಲ್ಲ.

ರೆಕಾರ್ಡಿಂಗ್ ಸಿಕ್ಕಿತೇ?

ನಿಂಗರಾಜು


ಔರಾದ್
೧೨ ನವೆಂಬರ್ ೨೦೨೪

ಮಾನ್ಯ ನಿಂಗರಾಜು ಅವರಿಗೆ,

ಹೆಣದ ನಾಟಕದ ವಿಷಯ ಓದಿ ಅಸಹ್ಯವಾಯಿತು. ಆದರೆ ಸಮಿತಿಯ ಕಾರ್ಯದರ್ಶಿ ನೀವು. ಆ ಪುಸ್ತಕದ ಕರಡು ನಿಮ್ಮ ಕೈಯಿಂದಲೇ ದಾಟಿರಬೇಕು. ನೀವೇಕೆ ತಡೆಯಲಿಲ್ಲ? ನನ್ನಿಂದ ರೆಕಾರ್ಡಿಂಗ್ ತರಿಸಿ ತಡೆಯುವುದಕ್ಕಿಂತ ಒಂದು ಸಾಲು ಹೊಡೆದುಹಾಕುವುದು ಸುಲಭವಲ್ಲವೇ?

ನಿಮಗೆ ನನ್ನ ತಾತನ ಮೇಲಿರುವ ಸಿಟ್ಟಿಗೆ ಮಂಚಮ್ಮನನ್ನು ಬಳಸಿಕೊಳ್ಳುತ್ತಿದ್ದೀರೇನೋ ಎನ್ನಿಸುತ್ತಿದೆ. ತಪ್ಪಾಗಿದ್ದರೆ ಕ್ಷಮಿಸಿ.

ಮೊಬೈಲ್ ಇನ್ನೂ ಸಿಕ್ಕಿಲ್ಲ.

ಚೈತ್ರ


ಎಲ್ಲೆಕಟ್ಟೆ
೧೮ ನವೆಂಬರ್ ೨೦೨೪

ಚೈತ್ರ,

ಈ ಸಲ ಮೇಡಂ ಅನ್ನುವುದಿಲ್ಲ. ನೀನು ಲಂಗ ಹಾಕಿಕೊಂಡು ಅಂಚೆ ಕಚೇರಿಗೆ ಬಂದು ಸ್ಟಾಂಪು ಬೇಡುತ್ತಿದ್ದವಳು.

ನಾನೇಕೆ ತಡೆಯಲಿಲ್ಲ ಅಂತ ಕೇಳಿದೆ. ಹೇಳುತ್ತೇನೆ. ಕರಡು ನನ್ನ ಕೈಗೆ ಬಂತು. ನಂಜನಗೂಡಿನ ಪ್ರೆಸ್ಸಿನಲ್ಲಿ ಕೂತು ನಾನೇ ತಿದ್ದಿದೆ. ಕಾಗುಣಿತ ತಿದ್ದಿದೆ, ಸುಳ್ಳು ತಿದ್ದಲಿಲ್ಲ. ಕೆಂಪು ಪೆನ್ನು ಕೈಯಲ್ಲೇ ಇತ್ತು. ನಿನ್ನ ಚಿಕ್ಕಪ್ಪ ಎದುರು ಕೂತಿದ್ದರು, ಕಾಫಿ ತರಿಸಿದ್ದರು, ಮೊದಲ ಸಲ ಅವರ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು. ಆ ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಅರವತ್ತೈದು ವರ್ಷದ ಗಂಡಸು ಒಂದು ಕುರ್ಚಿಗೆ ಹೀಗೆ ಅಂಟಿಕೊಳ್ಳುತ್ತಾನೆ ಅಂದರೆ ನಿನಗಿಂತ ನನಗೇ ಹೆಚ್ಚು ಹೇಸಿಗೆ.

ಆಮೇಲೆ ಇನ್ನೂ ಕೀಳು ಕೆಲಸ ಮಾಡಿದೆ. ಬೇರೆಯವರು ಹೋದರೆ ಮಂಚಮ್ಮ ಒಪ್ಪುವುದಿಲ್ಲ ಅಂತ ಸಮಿತಿ ನನ್ನನ್ನೇ ಕಳಿಸಿತು. ಆಕೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು.

“ಎಣ ಯಾರ್ದು?” ಅಂದಳು.

“ಯಾರ್ದೂ ಅಲ್ಲ ಕಣವ್ವ. ನಂಜೇಶ ಮಲಗ್ತಾನೆ, ಸುಮ್ನೆ.”

“ಮಲಗಿದ್ದೋನು ಎದ್ದು ಕಾಪಿ ಕುಡುದ್ರೆ ನಾನು ಅತ್ತಿದ್ದು ಯಾರ್ಗ್ಲಾ?”

“ಅಳ್ಬೇಡ ಬುಡು. ಎಸ್ರು ಮಾತ್ರ ಯೋಳು ಸಾಕು.”

“ಎಸ್ರು ಸುಮ್ನೆ ಕರೆಯೋಕಾಯ್ತದಾ? ಕರುದ್ರೆ ಬತ್ತಾರೆ. ಬಂದೋರ್ನ ಎಲ್ಲಿ ಕೂರುಸ್ತೀಯ, ಆ ಪಿಲಾಸ್ಟಿಕ್ ಕುರ್ಚಿ ಮ್ಯಾಲಾ?”

 ಆಗ ಸುಳ್ಳು ಹೇಳಿದೆ. ಕಣವ್ವ, ನೀನು ವೇದಿಕೆಗೆ ಬಂದರೆ ಬೋರ್ಡಿನ ಮೇಲೆ ಹನ್ನೊಂದು ಹೆಸರೂ ಬರೆಸುತ್ತಾರೆ ಅಂದೆ. ಯಾರೂ ಹಾಗೆ ಹೇಳಿರಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಬತ್ತೀನಿ ಅಂದಳು. ಆಕೆ ಅಲ್ಲಿ ಬಾಯಿ ಬಿಟ್ಟರೆ ಎಲ್ಲ ಹೊರಗೆ ಬೀಳುತ್ತದೆ ಅನ್ನುವುದು ನನ್ನ ಲೆಕ್ಕಾಚಾರ. ಹೌದು, ಆಕೆಯನ್ನು ಬಳಸಿಕೊಳ್ಳುತ್ತಿದ್ದೇನೆ. ನೀನು ಸರಿಯಾಗಿಯೇ ಬರೆದಿದ್ದೆ.

ಈಗ ನನ್ನದೊಂದು ಪ್ರಶ್ನೆ. ನಿನ್ನೆ, ನೆನಪಿನ ನಡಿಗೆಯ ದಿನ, ಪುಸ್ತಕ ಅಚ್ಚಾಗಿ ಬಂತು. ಹರಿಗೋಲಿನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ನಾನು ತಿದ್ದುವಾಗ ಇರದಿದ್ದ ಒಂದು ಸಾಲು ಸೇರಿಸಿದ್ದಾರೆ: ‘ಆಧಾರ: ಚೈತ್ರ ಅವರ ಎಂ.ಎ. ಪ್ರಬಂಧ, ಪುಟ ೪೭.’

ಪುಟ ನಲವತ್ತೇಳರಲ್ಲಿ ಏನು ಬರೆದಿದ್ದೀಯ ತಾಯಿ?

ನಿಂಗರಾಜು


ಔರಾದ್
೨೩ ನವೆಂಬರ್ ೨೦೨೪, ಶನಿವಾರ

ನಿಂಗರಾಜಣ್ಣ,

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ಆರು ಗಂಟೆಗೆ ತಾತ ತೀರಿಕೊಂಡರು. ಚಿಕ್ಕಪ್ಪ ಫೋನ್ ಮಾಡಿ, “ಸೋಮವಾರದವರೆಗೂ ಯಾರಿಗೂ ಬಾಯಿ ಬಿಡಬೇಡ, ನಾಳೆ ಮಂತ್ರಿಗಳು ಬರ್ತಿದ್ದಾರೆ, ನೀನೂ ಸೋಮವಾರವೇ ಬಾ” ಅಂದರು. ನರಸೀಪುರದಿಂದ ಫ್ರೀಜರ್ ಪೆಟ್ಟಿಗೆ ತರಿಸಿ ಹಿತ್ತಲ ಕೋಣೆಯಲ್ಲಿ ಇಟ್ಟಿದ್ದಾರಂತೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಸುತ್ತ ಭಜನೆ ಮಾಡುತ್ತಾರೆ. ತಾತ ಈಗ ಕತ್ತಲೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಾರೆ, ಒಬ್ಬರೇ. ಚಿಕ್ಕಪ್ಪನನ್ನು ಮನಸಾರೆ ಬೈದುಕೊಂಡೆ. ಆಮೇಲೆ, ನಾನು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನಿಸಿತು. ನಾನೂ ಹನ್ನೆರಡು ವರ್ಷ ಒಂದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೇನೆ.

ರೆಕಾರ್ಡಿಂಗ್ ಎಂದೂ ಕಳೆದಿರಲಿಲ್ಲ. ಪೆನ್‌ಡ್ರೈವ್ ಈ ಲಕೋಟೆಯಲ್ಲೇ ಇದೆ.

ಪುಟ ನಲವತ್ತೇಳು. ಪ್ರಬಂಧ ಬರೆಯುವಾಗ ತಾತ ನನ್ನನ್ನು ಕೂರಿಸಿಕೊಂಡು, “ಅವ್ರು ಏನಾದ್ರೂ ಅಳ್ಳಿ. ನೀನು ಬರಿ ಮಗ, ನಾನು ಒಳೆಗೆ ಆರಿ ಮೂವರ್ನ ಎಳ್ದೆ ಅಂತ” ಅಂದರು. ಬರೆದೆ. ಹಾಡಿನಲ್ಲಿ ಅವರ ವಿಷಯ ಬರುವ ಸಾಲುಗಳನ್ನು ಕಿತ್ತುಹಾಕಿದೆ. ತಾತನಿಗೆ ಈಜು ಬರುತ್ತಿರಲಿಲ್ಲ ಅಣ್ಣ. ನಂಜನಗೂಡಿನ ಸ್ನಾನಘಟ್ಟದಲ್ಲೂ ಮೇಲಿನ ಮೆಟ್ಟಿಲಲ್ಲಿ ಕೂತು ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದರು. ಬರೆಯುವಾಗ ನನಗದು ಚೆನ್ನಾಗಿ ಗೊತ್ತಿತ್ತು. ಆ ಪ್ರಬಂಧಕ್ಕೆ ಚಿನ್ನದ ಪದಕ ಬಂತು. ಆಮೇಲೆ ಊರಿಗೆ ಬರಲು ಮುಖವಿರಲಿಲ್ಲ. ವರ್ಗಾವಣೆ ಕೇಳಿದಾಗ ಎಷ್ಟು ದೂರವಾದರೂ ಸರಿ ಎಂದು ಬರೆದುಕೊಟ್ಟವಳು ನಾನೇ.

ನಿಮ್ಮ ಮೇಲೆ ತಪ್ಪು ಹೊರಿಸಿ ಬರೆದಾಗಲೆಲ್ಲ ಒಳಗೆ ಇದೇ ಕುದಿಯುತ್ತಿತ್ತು.

ಇನ್ನೊಂದು. ಹಾಡಿನ ಏಳನೆಯ ಹೆಸರು ರಾಚಮ್ಮ, ‘ನಿಂಗನ ಅವ್ವ’ ಎಂದು ಕರೆಯುತ್ತಾಳೆ ಮಂಚಮ್ಮ. ನೀವು ಒಂದು ಕಾಗದದಲ್ಲೂ ಅದನ್ನು ಬರೆಯಲಿಲ್ಲ.

ಚೈತ್ರ


ಎಲ್ಲೆಕಟ್ಟೆ
೨೫ ನವೆಂಬರ್ ೨೦೨೪, ಸೋಮವಾರ

ಚೈತ್ರ,

ನಿನ್ನಿಂದ ಕಾಗದವಿಲ್ಲ. ಆದರೂ ಬರೆಯುತ್ತೇನೆ. ಇದನ್ನು ಕಂಡವರಲ್ಲಿ ಒಬ್ಬನಾದರೂ ನಿನಗೆ ನಿಜ ಹೇಳಬೇಕು. ಇಂದು ಬೆಳಿಗ್ಗೆ ನಿನ್ನ ತಾತನ ಮಣ್ಣಾಯಿತು. ಯಾರೂ ನಿನಗೆ ತಿಳಿಸಲಿಲ್ಲವೋ, ತಿಳಿದೂ ನೀನು ಬರಲಿಲ್ಲವೋ ಗೊತ್ತಿಲ್ಲ.

ನಿನ್ನೆ ಸಂಜೆ ನಾಲ್ಕಕ್ಕೆ ಶಾಲೆಯ ಮೈದಾನದಲ್ಲಿ ವೇದಿಕೆ. ನಿಮ್ಮ ಮನೆಯ ಹಿತ್ತಲ ಗೋಡೆಗೆ ಅಂಟಿದ ಮೈದಾನ, ನಿನಗೆ ಗೊತ್ತಲ್ಲ. ನಮ್ಮ ಬೀದಿಯ ಶಿವರಾಜು ಜನರೇಟರ್ ಹಾಕಿದ್ದ. ವೇದಿಕೆಗೆ ಮೂರು ವೈರು, ನಾಲ್ಕನೆಯದು ಗೋಡೆ ಹಾರಿ ನಿಮ್ಮ ಹಿತ್ತಲಿಗೆ. ಕರೆಂಟ್ ಹೋದರೂ ಅದು ನಿಲ್ಲಬಾರದು ಅಂತ ನಿನ್ನ ಚಿಕ್ಕಪ್ಪನೇ ಕಟ್ಟಿಸಿದ್ದು. ವೈರಿನ ಇನ್ನೊಂದು ತುದಿಯಲ್ಲಿ ಏನಿದೆ ಅಂತ ಶಿವರಾಜು ಕಣ್ಣಾರೆ ಕಂಡ. ಬೆಳಿಗ್ಗೆಯೇ ಬಂದು ಮಂಚಮ್ಮನಿಗೆ ಹೇಳಿದ್ದಾನೆ, ನನಗೆ ಹೇಳಲಿಲ್ಲ. ನಾನು ಸಮಿತಿಯವನು ನೋಡು.

ಮಂತ್ರಿಗಳು ಬಂದರು, ಹೋದರು. ಆಮೇಲೆ ಮಂಚಮ್ಮನ ಸರದಿ. ಕಾಲರ್ ಮೈಕು ಹಾಕಬೇಕಿತ್ತು. ಮೇಲಿನ ಬೀದಿಯ ಕಾರ್ಯಕರ್ತ ಅದನ್ನು ಬಾಳೆಹಣ್ಣಿನ ತಟ್ಟೆಯಲ್ಲಿಟ್ಟು ದೂರದಿಂದಲೇ ಚಾಚಿದ. ಎದೆಯ ಮೇಲೆ ‘ನಾವೆಲ್ಲ ಒಂದೇ ಊರು’ ಅಂತ ಬ್ಯಾಡ್ಜು. ತಟ್ಟೆಯಿಂದ ತೆಗೆದು ಮಂಚಮ್ಮನ ಸೆರಗಿಗೆ ನಾನೇ ಸಿಕ್ಕಿಸಿದೆ.

ವೇದಿಕೆಯ ನಡುವೆ ನಂಜೇಶ್ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮೂಗಿಗೆ ಹತ್ತಿ, ಕೊರಳಿಗೆ ಸುಗಂಧರಾಜದ ಹಾರ. ಸೊಳ್ಳೆ ಕಚ್ಚಿ ಹೆಬ್ಬೆರಳು ಕುಣಿಯುತ್ತಿತ್ತು. ಮುಂದಿನ ಸಾಲಿನವರು ನಗುತ್ತ ಫೋನಿನಲ್ಲಿ ಫೋಟೊ ಹೊಡೆಯುತ್ತಿದ್ದರು. ಮಂಚಮ್ಮ ಅವನನ್ನು ತಲೆಯಿಂದ ಕಾಲವರೆಗೂ ನೋಡಿದಳು. ಆಮೇಲೆ ಕೇಳಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

“ಎದ್ದೋಳಪ್ಪ, ನೀನಿನ್ನೂ ಬದುಕ್ಬೇಕು. ಎಣ ಆ ಗ್ವಾಡೆ ಇಂದ್ಗಡೆ ಅದೆ. ಸತ್ತೋರ್ನ ಐಸ್ನಾಗಿಟ್ಟು ಬದುಕಿರೋರ್ನ ಮಲಗ್ಸೀರಲ್ಲ, ಥೂ.”

ಇಳಿದು ಹೊರಟಳು. ಅವಳ ಹಿಂದೆ ನಮ್ಮ ಬೀದಿಯ ಹೆಂಗಸರು. ದೊಡ್ಡ ಮನೆಯಲ್ಲಿ ಸಾವಾದರೆ ಕೆಳಗಿನ ಬೀದಿಯವರು ಬಂದು ಅಳಬೇಕು ಅನ್ನುವುದು ನಿಮ್ಮ ಹಿರಿಯರೇ ಮಾಡಿಟ್ಟ ಪದ್ಧತಿ. ಆ ಪದ್ಧತಿಯ ಪ್ರಕಾರವೇ ಹಿತ್ತಲ ಬಾಗಿಲ ಮುಂದೆ ಹೋಗಿ ಕೂತರು. ಮಂಚಮ್ಮ ಸೆರಗು ಬಾಯಿಗೆ ಹಿಡಿದು ಶುರುಮಾಡಿದಳು. ಮೈಕು ಸೆರಗಿನಲ್ಲೇ ಇತ್ತು.

ನಿನ್ನ ಚಿಕ್ಕಪ್ಪ ಓಡಿ ಬಂದರು. “ತೆಗೀರೋ ಅದನ್ನ, ಮೈಕ್ ಕಿತ್ತಾಕ್ರೋ” ಅಂತ ಅರಚಿದರು. ಹತ್ತು ಜನ ಕಾರ್ಯಕರ್ತರು ಸುತ್ತ ನಿಂತಿದ್ದರು. ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಮುಟ್ಟಬೇಕಲ್ಲ! ಅವರ ಮುಖ ನೋಡಬೇಕಿತ್ತು ನೀನು. ಆಕೆಯ ಮಾತು ಊರೆಲ್ಲ ಹರಡಿದರೂ ಪರವಾಗಿಲ್ಲ, ಆಕೆಯ ಸೆರಗಿಗೆ ಬೆರಳು ತಾಗಬಾರದು. “ನಿಂಗರಾಜೂ, ನೀನಾದ್ರೂ ತೆಗಿ” ಅಂದರು. ನಾನು ಕೈಕಟ್ಟಿ ನಿಂತೆ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಏನೂ ಮಾಡದೆ ನಿಂತದ್ದು.

ಅತ್ತ ಮಿಕ್ಸರ್ ಹತ್ತಿರ ಕೂತಿದ್ದ ಅಮೃತೇಶ್‌ಗೆ ನಿಜವಾದ ಹೆಣದ ವಿಷಯವೇ ಗೊತ್ತಿಲ್ಲ. ಮುದುಕಿ ತಾನೇ ಏನೋ ಹೊಸದು ಮಾಡುತ್ತಿದ್ದಾಳೆ ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತ ಸೌಂಡ್ ಇನ್ನೂ ಜೋರು ಮಾಡಿದ. ನಾಲ್ಕು ದಿಕ್ಕಿನ ನಾಲ್ಕು ಹಾರ್ನಿನಲ್ಲೂ ಬಂತು:

ಕೈಯ್ಯಾಗೆ ಪೈರಿತ್ತು, ಮಡ್ಲಾಗೆ ಮುದ್ದೆಯಿತ್ತು
ಯಾರ ಗದ್ದೆಗೆ ಓದ್ಯೆ ನನ್ನವ್ವ
ಕಟ್ಟೆ ಮ್ಯಾಲೆ ಕುಂತೋನು ದಾಟೋಗು ಅಂದೋನು
ತಾನು ದಾಟ್ನಿಲ್ವಲ್ಲೆ ನನ್ನವ್ವ

ಒಂದೊಂದೇ ಹೆಸರು ಕರೆದಳು. ಹನ್ನೊಂದೂ ಕರೆದಳು. ಮೇಲಿನ ಬೀದಿಯವರು ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಕೇಳಿದರು. ಕೊನೆಗೆ ನಿನ್ನ ತಾತನ ಕಡೆ ತಿರುಗಿ, ಅಲ್ಲೇ ಕಟ್ಟಿ ಹಾಡಿದಳು:

ದಾಟೋಗು ಅಂದೋನೆ, ನೀನೂವೆ ದಾಟ್ದಲ್ಲೊ
ಒಂಟಿ ಓಗ್ಬ್ಯಾಡ ನನ್ನೊಡೆಯ
ಆಚೆಯ ದಡದಾಗೆ ಅನ್ನೊಂದು ಜನವವ್ರೆ
ಎಸ್ರಿಡ್ದು ಕೂಗಯ್ಯ ನನ್ನೊಡೆಯ

ಬೈಯಲಿಲ್ಲ ಚೈತ್ರ. ನಿಜವಾಗಿಯೂ ಅತ್ತಳು, ನಿನ್ನ ತಾತನಿಗೂ ಸೇರಿಸಿ. ಆ ಮನೆಯಲ್ಲಿ ಅವರಿಗಾಗಿ ಅತ್ತವಳು ಆಕೆಯೊಬ್ಬಳೇ.

ಆ ಹನ್ನೊಂದರಲ್ಲಿ ಒಬ್ಬಳು ನನ್ನವ್ವ. ನಾನಾಗ ನಂಜನಗೂಡಿನ ಹಾಸ್ಟೆಲಿನಲ್ಲಿದ್ದೆ. ಎರಡು ತಾಲ್ಲೂಕಿನ ಹಳೇ ಪಟೇಲರು ಹೆಣ ನಿಮ್ಮ ಗಡಿಗೆ ಸೇರಿದ್ದು, ನಿಮ್ಮ ಗಡಿಗೆ ಸೇರಿದ್ದು ಅಂತ ಜಗಳಾಡುತ್ತ ಎರಡು ದಿನ, ಹೊಳೆದಡದಲ್ಲಿ ಎರಡು ತಾಲ್ಲೂಕಿನ ಗಡಿಗೆ ನೆಟ್ಟ ಎಲ್ಲೆಕಲ್ಲಿನ ಬುಡದಲ್ಲಿ ಮಲಗಿಸಿದ್ದರು. ನಾನು ಮೂರನೆಯ ದಿನ ಬಂದೆ, ಮುಖ ನೋಡಲಾಗಲಿಲ್ಲ. ಇದನ್ನು ನಿನಗೆ ಮೊದಲೇ ಬರೆದಿದ್ದರೆ ಅಮ್ಮನ ಹೆಸರು ಹೇಳಿ ಬೇಡಿದಂತೆ ಆಗುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ನಿಂಗರಾಜು


ಎಲ್ಲೆಕಟ್ಟೆ
೯ ಡಿಸೆಂಬರ್ ೨೦೨೪

ಚೈತ್ರ,

ನಿನ್ನ ಶನಿವಾರದ ಕಾಗದವೂ ಪೆನ್‌ಡ್ರೈವೂ ಸಿಕ್ಕಿದವು. ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಪ್ರೆಸ್ಸಿನ ಕುರ್ಚಿ ನೆನಪಾಗಿ ಇಳಿಯಿತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು.

ಇಷ್ಟೆಲ್ಲ ಆದ ಮೇಲೆ ಊರು ಬದಲಾಯಿತು ಅಂದುಕೊಂಡೆಯಾ? ಇದರ ಜೊತೆ ಪೇಪರ್ ಕತ್ತರಿಸಿ ಇಟ್ಟಿದ್ದೇನೆ, ನೋಡು. ‘ಹಿರಿಯ ಸಮಾಜಸೇವಕರ ಅಗಲಿಕೆ: ಕಂಬನಿ ಮಿಡಿದ ಜನಪದ ಕಲಾವಿದೆ.’ ಮಂಚಮ್ಮ ಬಾಯಿಗೆ ಸೆರಗು ಹಿಡಿದ ಫೋಟೊ. ದಣಿಗಳ ಮೇಲಿನ ಅಭಿಮಾನದಿಂದ ಕೆಳಗಿನ ಬೀದಿಯೇ ಬಂದು ಅತ್ತಿತು ಅಂತ ನಿನ್ನ ಚಿಕ್ಕಪ್ಪ ಬರೆಸಿದ್ದಾರೆ. ಮೊದಲು ಸುಳ್ಳು ಹೇಳುತ್ತಿದ್ದರು, ಈಗ ನಿಜವನ್ನೇ ಹಿಡಿದು ತಮ್ಮ ಕೊರಳಿಗೆ ಹಾರ ಮಾಡಿಕೊಂಡರು. ಇದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ. ಕೇಳಿದವರೂ ಅಷ್ಟೇ. ಹಾಡು ಚೆನ್ನಾಗಿತ್ತು, ಮಾತು ಸರಿಯಾಗಿ ಅರ್ಥವಾಗಲಿಲ್ಲ ಅನ್ನುತ್ತಾರೆ. ಆಕೆಗೆ ಸನ್ಮಾನ ಅಂತ ಒಂದು ಶಾಲು ತಂದು ಜಗಲಿಯ ಮೇಲೆ ಇಟ್ಟು ಹೋದರು, ಕೈಗೆ ಕೊಡಲಿಲ್ಲ. ಅದೀಗ ಆಕೆಯ ಮೇಕೆಯ ಮೈಮೇಲಿದೆ. ಕಾರ್ಯದರ್ಶಿಗಿರಿಗೆ ನಾನು ರಾಜೀನಾಮೆ ಬರೆದುಕೊಟ್ಟೆ. ಒಪ್ಪಿಕೊಳ್ಳುವ ಸಭೆಗೆ ನನ್ನನ್ನೇ ನೋಟಿಸ್ ಬರೆಯಲು ಹೇಳಿದರು.

ಹೊಳೆದಡದ ಬೋರ್ಡು ಹಾಗೇ ನಿಂತಿದೆ. ನಾವು ಅದನ್ನು ಮುಟ್ಟಲಿಲ್ಲ. ಬೇರೆ ಕೆಲಸ ಮಾಡಿದೆವು.

ಶಿವರಾಜು ಪೆನ್‌ಡ್ರೈವನ್ನು ಸ್ಪೀಕರ್ ಪೆಟ್ಟಿಗೆಗೆ ಹಾಕಿ ಹಾಡು ಕೇಳಿಸಿದ. ಮಂಚಮ್ಮ ತನ್ನ ಧ್ವನಿ ಕೇಳಿ ಬೆಚ್ಚಿದಳು. “ಎಣ ಇಲ್ದೆ ಅಳ್ತಾ ಅವ್ಳಲ್ಲ ಇವ್ಳು!” ಅಂದಳು. ಇದು ನಮ್ಮಪ್ಪನ ಮುಂದೆ ಅತ್ತದ್ದು ಅಂದೆ. “ಅಂಗಾರೆ ಸರಿ” ಅಂದಳು. ಒಂದೊಂದು ಹೆಸರು ಬಂದಾಗಲೂ ನಿಲ್ಲಿಸಿ ಬರೆದುಕೊಂಡೆ. ನಿನ್ನೆ ಭಾನುವಾರ ಬೆಳಿಗ್ಗೆ ಎಲ್ಲೆಕಲ್ಲನ್ನು ತೊಳೆದೆವು. ಅದು ಎರಡು ತಾಲ್ಲೂಕಿಗೂ ಸೇರಿದ್ದು, ಹಾಗಾಗಿ ಕೇಳುವವರು ಯಾರೂ ಇಲ್ಲ. ಹೊಳೆಯ ಕಡೆಯ ಮುಖದ ಮೇಲೆ ಶಿವರಾಜು ಬಿಳಿ ಬಣ್ಣದಲ್ಲಿ ಹತ್ತು ಹೆಸರು ಬರೆದ. ಏಳನೆಯದನ್ನು ನನ್ನ ಕೈಗೆ ಕೊಟ್ಟ. ಮೂವತ್ತಾರು ವರ್ಷ ಕಾಗದ ಹಂಚಿದ ಕೈ, ಮೂರಕ್ಷರಕ್ಕೆ ಅರ್ಧ ಗಂಟೆ ಹಿಡಿಯಿತು.

ಆಗ ಮಂಚಮ್ಮ ಕಲ್ಲಿನ ಸುತ್ತ ಒಂದು ಸುತ್ತು ಬಂದು ಊರ ಕಡೆಯ ಮುಖದ ಮುಂದೆ ನಿಂತಳು. ಅದರ ಎದುರಿಗೇ ಇರುವುದು ನಿನ್ನ ತಾತ ಕೂತಿದ್ದ ಕಟ್ಟೆ.

“ಓದೋರ ಎಸ್ರು ಬರುದ್ರಿ. ಕಳ್ಸಿದೋನ ಎಸ್ರು?”

ಶಿವರಾಜು ಕುಂಚ ಅದ್ದಿಕೊಂಡು ಬಂದ. ಆಕೆ ಕೈ ತಡೆದಳು. “ನೀನಲ್ಲ ಕಣ್ಲಾ. ನಾವು ಬರುದ್ರೆ ಒಟ್ಟೆಕಿಚ್ಚು ಅಂತಾರೆ. ಪೇಪರ್ನಾಗೆ ಇನ್ನೇನೋ ಬರಸ್ತಾರೆ. ಆ ಮನೇದೇ ಒಂದು ಕೈ ಬರೀಲಿ. ಅವತ್ತು ಬರ್ದಿದ್ದೂ ಅದೇ ಕೈಯಲ್ವಾ?”

ನಿನ್ನ ಕಾಗದವನ್ನು ಆಕೆಗೆ ಓದಿ ಹೇಳಿದ್ದೆ. ಕ್ಷಮಿಸು.

ಆ ಮುಖ ಹಾಗೇ ಖಾಲಿ ಇದೆ. ನೀನು ಬರದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಇನ್ನು ನಾನೂ ಕಾಗದ ಬರೆದು ಪೀಡಿಸುವುದಿಲ್ಲ.

ನಿಂಗರಾಜು


ಔರಾದ್
೧೬ ಡಿಸೆಂಬರ್ ೨೦೨೪

ನಿಂಗರಾಜಣ್ಣ,

ಇದೇ ಭಾನುವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಇಳಿದು ಎಂಟರ ಬಸ್ಸಿಗೆ ಬರುತ್ತೇನೆ. ಚಿಕ್ಕಪ್ಪನಿಗೆ ಫೋನ್ ಮಾಡಿ, ಯಾವುದಕ್ಕೆ ಬರುತ್ತಿದ್ದೇನೆಂದು ಹೇಳಿದೆ. ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಅಂದರು. ಆಗಲಿ ಅಂದೆ. ನೇರ ಕಲ್ಲಿನ ಹತ್ತಿರ ಬರುತ್ತೇನೆ.

ತಾತನ ಹೆಸರೊಂದನ್ನೇ ಬರೆದರೆ ಅದೂ ಸನ್ಮಾನವಾಗುತ್ತದೆ, ನಮ್ಮೂರು ಹಾಗಿದೆ. ಆದ್ದರಿಂದ ಪೂರ್ತಿ ವಾಕ್ಯ ಬರೆಯುತ್ತೇನೆ: ‘ದಾಟಿ ಹೋಗಿ ಎಂದವರು ದೊಡ್ಡಸಿದ್ದಯ್ಯ. ಇದನ್ನು ಮುಚ್ಚಿಟ್ಟು ಸುಳ್ಳು ಬರೆದವಳು, ಈಗ ಬರೆಯುತ್ತಿರುವವಳು, ಅವರ ಮೊಮ್ಮಗಳು ಚೈತ್ರ.’

ಮಂಚಮ್ಮನಿಗೆ ಓದಿ ಹೇಳಿ, ಒಪ್ಪಿಗೆಯೇ ಎಂದು ಕೇಳಿ. ಸ್ವಲ್ಪ ಬಣ್ಣ ಉಳಿಸಿಡಿ.

ಚೈತ್ರ